ಆನ್‌ಲೈನ್ ನರ್ಸಿಂಗ್ ಪಾಠ: ಕಾನೂನು ಮರೆತ ರೋಗಿ

2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವು ನೋಡಿರಬಹುದು. ಪುತ್ತೂರು, ಸುಳ್ಯ, ಕಡಬದ ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ಎಲ್ಲ ಕಡೆಯೂ ಸಿಗುವುದಿಲ್ಲ. ನೇರ ಪಾಠ ತಪ್ಪಿದವರಿಗಾಗಿ ಶಿಕ್ಷಕರು ಪಾಠವನ್ನು ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದು ಸಹಜ. ಗಣಿತದ ಪಾಠಕ್ಕೆ ಇದರಿಂದ ಅಪಾಯವಿಲ್ಲ. ನರ್ಸಿಂಗ್ ಪಾಠದಲ್ಲಿ ಮಾತ್ರ ಶಿಕ್ಷಕ, ವಿದ್ಯಾರ್ಥಿಯ ಜೊತೆ ಮೂರನೆಯ ವ್ಯಕ್ತಿಯೊಬ್ಬರು ಇರುತ್ತಾರೆ. ಅವರೇ ರೋಗಿ.

ಶಿಕ್ಷಕರ ಬಗ್ಗೆ ನಮ್ಮ ಕಾನೂನು ಉದಾರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಯ ಭಾಗವಾಗಿ ಪುಸ್ತಕದ ಅಂಶಗಳನ್ನು ಬಳಸಲು ಅವಕಾಶ ನೀಡುತ್ತದೆ. ಬೋಧನೆಯೆಂದರೆ ತರಗತಿಯ ಉಪನ್ಯಾಸವಷ್ಟೇ ಅಲ್ಲವೆಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆದರೆ ಇಡೀ ಪಠ್ಯಪುಸ್ತಕದ ಪಿಡಿಎಫ್ ಊರಿಗೆಲ್ಲ ಹಂಚಿದರೆ ಈ ರಕ್ಷಣೆ ಸಿಗುತ್ತದೆಂದು ನಂಬಬಾರದು.

ರೋಗಿಯ ವಿಷಯಕ್ಕೆ ಬಂದರೆ ಕಾನೂನಿನ ಕೊರತೆ ಕಾಣುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸಮ್ಮತಿಯಿಲ್ಲದೆ ಗುಪ್ತಾಂಗಗಳ ಚಿತ್ರ ತೆಗೆದು ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ. ಮುಖ, ಹುಣ್ಣು, ಕೇಸ್ ಶೀಟುಗಳಿಗೆ ಈ ಕಲಮು ಅನ್ವಯಿಸದು. 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರ್ಪಡಿಸಿದ್ದವು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಫೋನ್ ನಂಬರೂ ಕಾಯಿಲೆಯ ವಿವರವೂ ಅದರ ಕಣ್ಣಿಗೆ ಒಂದೇ. ಇದು ಹಿಂದಕ್ಕಿಟ್ಟ ಹೆಜ್ಜೆ.

ಹೆಸರು ಅಳಿಸಿದರೆ ಸಾಕೆಂಬ ನಂಬಿಕೆ ದೊಡ್ಡ ನಗರದಲ್ಲಿ ನಡೆದೀತು. 'ಕಡಬ ಕಡೆಯವರು, ಅಡಿಕೆ ಮರದಿಂದ ಬಿದ್ದವರು, ವಯಸ್ಸು ಐವತ್ತೆರಡು' ಎಂದು ಪಾಠದಲ್ಲಿ ಹೇಳಿದರೆ ಯಾರೆಂದು ಊರವರಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ವಿದ್ಯಾರ್ಥಿನಿಯೂ ಅದೇ ಊರಿನವಳಿರಬಹುದು.

ಆದ್ದರಿಂದ ನೀವು ನರ್ಸಿಂಗ್ ಶಿಕ್ಷಕರಾಗಿದ್ದರೆ ಕಾನೂನು ಕೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ. ಬೊಂಬೆಯ ಮೇಲೆ ತೋರಿಸಬಹುದಾದುದನ್ನು ರೋಗಿಯ ಮೇಲೆ ಚಿತ್ರೀಕರಿಸಬೇಡಿ. ಚಿಕಿತ್ಸೆಗೆ ಕೊಟ್ಟ ಸಹಿ ಪಾಠಕ್ಕೆ ಕೊಟ್ಟದ್ದಲ್ಲ. ತುಳುವೋ ಕನ್ನಡವೋ, ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ ಬೇರೆಯೇ ಒಪ್ಪಿಗೆ ಬರೆಸಿಕೊಳ್ಳಿ. ಊರು, ಕಸುಬು, ವಯಸ್ಸನ್ನು ಬದಲಿಸಿ. ರೆಕಾರ್ಡಿಂಗ್ ಎಷ್ಟು ದಿನ ಇರಬೇಕು, ಯಾರು ಅಳಿಸಬೇಕು ಎಂಬುದನ್ನು ಕಾಲೇಜು ಬರಹದಲ್ಲಿ ನಿರ್ಧರಿಸಲಿ. ವಾರ್ಡಿನಲ್ಲಿ ಪರದೆ ಎಳೆಯುವುದನ್ನು ಮೊದಲ ವರ್ಷದಲ್ಲೇ ಕಲಿಸುತ್ತೇವೆ. ಪಾಠ ಫೋನಿಗೆ ಬಂದಾಗಲೂ ಆ ಪರದೆ ಬೇಕು.