ಸಮೆಗೆ ಹುಣಸೆ, ಮೇಣಕ್ಕೆ ಚಾಕು

ಬಾಗಲಕೋಟೆ ಸೀಮೆಯಲ್ಲಿ ಹಬ್ಬ ಬಂತೆಂದರೆ ದೇವರ ಜಗಲಿಯ ಸಮೆಗಳು, ಅಂದರೆ ಎಣ್ಣೆ ದೀಪಗಳು, ಹಿತ್ತಲಿಗೆ ಇಳಿಯುತ್ತವೆ. ಹುಣಸೆಹಣ್ಣು ಕಿವುಚಿ ಹಚ್ಚಿ, ತೆಂಗಿನ ಜುಂಗಿನಿಂದ ತಿಕ್ಕಿ ತೊಳೆದರೆ ಹಿತ್ತಾಳೆ ಥಳಥಳ ಹೊಳೆಯುತ್ತದೆ. ಬತ್ತಿ ಕೂರುವ ಜಾಗದಲ್ಲಿ, ಕಂಠದ ಕೆತ್ತನೆಯ ಸಂದಿಗಳಲ್ಲಿ ಮಾತ್ರ ಕಂದು ಅಂಟು ಹಾಗೇ ಕೂತಿರುತ್ತದೆ. ಕರೆಂಟು ಹೋದ ರಾತ್ರಿಗಳ ಮೇಣಬತ್ತಿ ಸ್ಟ್ಯಾಂಡುಗಳದು ಇನ್ನೊಂದು ಗತಿ: ಅವಕ್ಕೆ ಚಾಕುವಿನ ಮೊನೆ. ಎರಡೂ ಕಡೆ ಶ್ರಮ ಹೇರಳ, ಮದ್ದು ತಪ್ಪು.

ಆ ಕಂದು ಅಂಟಿನ ಮೂಲ ಹೊಲದಲ್ಲಿದೆ. ಹುನಗುಂದದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ನಡುವೆ ಕುಸುಬಿಯ ಸಾಲು ಬಿಡುವುದು ಹಳೆಯ ರೂಢಿ. ಒಗ್ಗರಣೆಗಿದ್ದ ಕುಸುಬಿ ಎಣ್ಣೆಯೇ ದೀಪಕ್ಕೂ ಆಗುತ್ತಿತ್ತು. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಲಿನೋಲಿಕ್ ಆಮ್ಲ. ತೆಳುವಾಗಿ ಹರಡಿ ಗಾಳಿಗೆ ಬಿಟ್ಟರೆ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ತೈಲವರ್ಣದ ಬಿಳಿಬಣ್ಣ ಅರೆಯಲು ಕಲಾವಿದರು ಈ ಎಣ್ಣೆಯನ್ನು ಬಳಸುವುದಕ್ಕೆ ಈ ಗುಣವೂ ಒಂದು ಕಾರಣ. ಅಂದರೆ ವರ್ಷಗಟ್ಟಲೆ ಉರಿದ ಸಮೆಯ ಮೇಲೆ ಇರುವುದು ಬರೀ ಜಿಡ್ಡಲ್ಲ, ಪದರ ಪದರ ವಾರ್ನಿಶ್. ಔಡಲೆಣ್ಣೆಗೆ ಈ ಚಾಳಿ ಇಲ್ಲ.

ಹುಣಸೆಯ ಹುಳಿ ಲೋಹದ ಕಿಲುಬನ್ನು ಕರಗಿಸುತ್ತದೆ, ಒಣಗಿದ ಎಣ್ಣೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಕ್ಷಾರ ಬೇಕು. ಹಿಂದೆ ಆ ಕೆಲಸ ಮಾಡುತ್ತಿದ್ದುದು ಒಲೆಯ ಬೂದಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಣ್ಣೆಯನ್ನು ಸೋಪಾಗಿಸಿ ಬಿಡಿಸುತ್ತಿತ್ತು. ಗ್ಯಾಸ್ ಒಲೆ ಬಂತು, ಬೂದಿ ಹೋಯಿತು, ಅದರ ಪಾಲಿನ ಕೆಲಸವೂ ಹುಣಸೆಯ ತಲೆಗೆ ಬಂತು. ಈ ಪದ್ಧತಿಯ ದೊಡ್ಡ ದೋಷ ಇದೇ. ಅಂಟು ಬಿಡಲಿಲ್ಲವೆಂದು ರಾತ್ರಿಯಿಡೀ ಹುಳಿಯಲ್ಲಿ ನೆನೆಹಾಕುವವರಿದ್ದಾರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಬಹಳ ಹೊತ್ತು ಹುಳಿಯಲ್ಲಿದ್ದರೆ ಮೇಲ್ಮೈಯ ಸತು ಕರಗಿ ತಾಮ್ರ ಉಳಿಯುತ್ತದೆ, ಸಮೆ ನಸುಗೆಂಪಾಗುತ್ತದೆ. ಅದನ್ನೇ ಹೊಸ ಹೊಳಪೆಂದು ನೆರೆಯವರಿಗೆ ತೋರಿಸುವವರೂ ಉಂಟು! ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಸಂದಿ ತಿಕ್ಕಿದರೆ ಬೂದಿಯ ಕೆಲಸ ಆಗುತ್ತದೆ. ಕೊಳವೆಬಾವಿಯ ಗಡಸು ನೀರಿಗೆ ಸೋಪು ನೊರೆ ಬಿಡದ ಊರುಗಳಲ್ಲಂತೂ ಸೋಡಾ ಇನ್ನೂ ಮೇಲು, ಏಕೆಂದರೆ ಅದು ನೀರಿನ ಗಡಸುತನವನ್ನೂ ತಗ್ಗಿಸುತ್ತದೆ. ಹುಣಸೆ ಅದರ ನಂತರ, ಅದೂ ಎರಡು ನಿಮಿಷ ಸಾಕು.

ಮೇಣದ ಜಾತಿಯೇ ಬೇರೆ. ಪೆಟ್ರೋಲಿಯಂನಿಂದ ಬಂದ ಪ್ಯಾರಾಫಿನ್‌ಗೆ ಹುಳಿಯೂ ಒಂದೇ, ಸೋಡಾವೂ ಒಂದೇ. ಅದು ಬಗ್ಗುವುದು ಶಾಖಕ್ಕೆ: ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುತ್ತದೆ. ಹಿತ್ತಾಳೆ, ಸ್ಟೀಲ್ ಸ್ಟ್ಯಾಂಡಾದರೆ ಕುದಿಸಿ ಇಳಿಸಿದ ನೀರಿನಲ್ಲಿ ಮುಳುಗಿಸಿದರೆ ಸಾಕು. ಮೇಣ ತೇಲಿ ಬಂದು ಆರಿದ ಮೇಲೆ ಬಿಲ್ಲೆಯಂತೆ ಎತ್ತಬಹುದು. ಬಿಸಿಯಿರುವಾಗಲೇ ಬಚ್ಚಲಿಗೆ ಚೆಲ್ಲಿದರೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಗಾಜಿನದಾದರೆ ಕುದಿನೀರು ಬೇಡ, ಸೀಳುತ್ತದೆ. ಫ್ರಿಜ್‌ನ ಐಸ್ ಗೂಡಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮೇಣ ಗಾಜಿಗಿಂತ ಹೆಚ್ಚು ಕುಗ್ಗಿ ತಾನೇ ಬಿಡುತ್ತದೆ.

ಸ್ಟ್ಯಾಂಡೇ ಇಲ್ಲದೆ ಮೇಣಬತ್ತಿಯನ್ನು ನೆಲಕ್ಕೆ ಅಂಟಿಸುವ ಮನೆಗಳೇ ಹೆಚ್ಚೆನ್ನಿ. ಇಳಕಲ್ಲಿನ ಪಾಲಿಶ್ ಗ್ರಾನೈಟಿಗೆ ಇದರಿಂದ ಅಂಥ ಹಾನಿಯಿಲ್ಲ. ಆರಿದ ಮೇಣ ಮರದ ಸೌಟಿನ ಅಂಚಿಗೆ ಎದ್ದು ಬರುತ್ತದೆ. ಬಾದಾಮಿಯ ಮರಳುಗಲ್ಲಿನ ಕಟ್ಟೆ, ಕಿಟಕಿ ಹಾಸುಗಳ ಮಾತು ಹಾಗಲ್ಲ. ಆ ಕಲ್ಲಿಗೆ ಸಣ್ಣ ರಂಧ್ರಗಳು. ಮೇಣ, ಎಣ್ಣೆ ಎರಡನ್ನೂ ಕುಡಿಯುತ್ತದೆ. ಚಾಕು ಹಾಕಿದರೆ ಮೇಣದೊಂದಿಗೆ ಕಲ್ಲೂ ಉದುರುತ್ತದೆ. ಹಳೆ ಹತ್ತಿ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಬಟ್ಟೆ ಮೇಣವನ್ನು ಹೀರುತ್ತದೆ, ಆದರೂ ಕಪ್ಪು ಮಚ್ಚೆ ಪೂರ್ತಿ ಹೋಗುವುದು ಅಪರೂಪ.

ಹೀಗಾಗಿ ನಮ್ಮ ದೀಪ ತೊಳೆಯುವ ರೂಢಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಹಬ್ಬಕ್ಕೊಮ್ಮೆ ತಪ್ಪದೆ ತೊಳೆಯುವ ಶಿಸ್ತಿಗೆ ಅದು ಸಲ್ಲುತ್ತದೆ. ಹುಣಸೆಯೊಂದನ್ನೇ ನಂಬಿದ್ದಕ್ಕೆ ಉಳಿದರ್ಧ ಹೋಗುತ್ತದೆ. ನಿಮ್ಮ ಮನೆಯ ಸಮೆ ಈಗಾಗಲೇ ನಸುಗೆಂಪಾಗಿದ್ದರೆ ಹುಳಿಯಲ್ಲಿ ನೆನೆಹಾಕುವುದನ್ನು ಇಂದೇ ನಿಲ್ಲಿಸಿ. ಚಾಕುವನ್ನು ಉಳ್ಳಾಗಡ್ಡಿ ಹೆಚ್ಚಲು ಇಟ್ಟುಕೊಳ್ಳಿ.