ನಾಲ್ಕು ಓಟು, ಮೂರು ಓಟು

1961ರಲ್ಲಿ ಚಾರ್ಲ್ಸ್ ಮತ್ತು ಮೇರಿ ರಾಬರ್ಟ್‌ಸನ್ ಎಂಬ ಅಮೆರಿಕದ ದಂಪತಿ ತಮ್ಮ ಹೆಸರು ಹೊರಗೆ ಬರದ ಹಾಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 3.5 ಕೋಟಿ ಡಾಲರ್ ಕೊಟ್ಟರು. ಮೇರಿ, ಎ ಅಂಡ್ ಪಿ ಅನ್ನೋ ದಿನಸಿ ಅಂಗಡಿಗಳ ಮನೆತನದವರು. ಕೊಟ್ಟಿದ್ದೂ ಆ ಕಂಪನಿಯ ಷೇರುಗಳನ್ನೇ. ಉದ್ದೇಶ ಒಂದೇ: ಅಲ್ಲಿನ ವುಡ್ರೋ ವಿಲ್ಸನ್ ಸ್ಕೂಲಿನಲ್ಲಿ ಓದಿದವರು ಸರ್ಕಾರಿ ಸೇವೆಗೆ, ಅದರಲ್ಲೂ ವಿದೇಶಾಂಗ ವ್ಯವಹಾರಕ್ಕೆ ತಯಾರಾಗಬೇಕು. ಈ ದುಡ್ಡಿಗೇ ಅಂತ ಒಂದು ಪ್ರತಿಷ್ಠಾನ ಆಯ್ತು. ಏಳು ಟ್ರಸ್ಟಿಗಳಲ್ಲಿ ನಾಲ್ವರು ವಿಶ್ವವಿದ್ಯಾಲಯದ ಕಡೆಯವರು, ಮೂವರು ಕುಟುಂಬದವರು. ಓಟಿಗೆ ಹಾಕಿದರೆ ಗೆಲ್ಲೋದು ಯಾರು ಅಂತ ಬಿಡಿಸಿ ಹೇಳಬೇಕಾ?

ಹಣ ಬೆಳೆಸೋದರಲ್ಲಿ ಪ್ರಿನ್ಸ್‌ಟನ್ನಿಗೆ ಭೇಷ್ ಅನ್ನಲೇಬೇಕು. 2008ರ ಹೊತ್ತಿಗೆ ನಿಧಿ ಸುಮಾರು 90 ಕೋಟಿ ಡಾಲರ್ ಆಗಿತ್ತು, ಅದೂ ವರ್ಷ ವರ್ಷ ಖರ್ಚು ಮಾಡ್ತಾ. (ನಮ್ಮ ಎಸ್‌ಐಪಿ ಹೀಗೆ ಬೆಳೆದಿದ್ರೆ ಸೋಮವಾರ ಆಫೀಸಿಗೆ ಯಾರ್ ಹೋಗ್ತಿದ್ರು!) ಆದರೂ ದಂಪತಿ ತೀರಿಹೋದ ಮೇಲೆ, 2002ರಲ್ಲಿ, ಮಕ್ಕಳು ಕೋರ್ಟಿಗೆ ಹೋದರು. ಸರ್ಕಾರಿ ಕೆಲಸಕ್ಕೆ ಹೋಗುವ ಪದವೀಧರರು ತೀರಾ ಕಡಿಮೆ, ದುಡ್ಡು ವಿಶ್ವವಿದ್ಯಾಲಯದ ಬೇರೆ ಬಾಬತ್ತುಗಳಿಗೆ ಹರೀತಿದೆ ಅನ್ನೋದು ಅವರ ತಕರಾರು. ಇಂಥ ಕೆಲಸವನ್ನೇ ಮಾಡಿ ಅಂತ ವಿದ್ಯಾರ್ಥಿಗಳನ್ನು ಕಟ್ಟಿಹಾಕೋಕಾಗಲ್ಲ, ಎನ್‌ಜಿಒಗಳಲ್ಲಿ ದುಡಿಯೋದೂ ಸಾರ್ವಜನಿಕ ಸೇವೆಯೇ ಅನ್ನೋದು ಪ್ರಿನ್ಸ್‌ಟನ್ನಿನ ವಾದ.

ಕಟ್ಟಿಹಾಕೋಕಾಗಲ್ಲ ಅನ್ನೋದು ನಿಜ. ಆದರೆ 1961ರಲ್ಲಿ ಚೆಕ್ಕು ತಗೊಳ್ಳುವಾಗಲೂ ಅದು ನಿಜವೇ ಆಗಿತ್ತಲ್ಲ? ಕಾಲ ಬದಲಾದಾಗ ಉದ್ದೇಶವನ್ನು ಸ್ವಲ್ಪ ಹಿಗ್ಗಿಸೋದು ತಪ್ಪೇನಲ್ಲ. ಹಿಗ್ಗಿಸಿದರೆ ಲಾಭ ಯಾರಿಗೋ ಅವರ ಕೈಯಲ್ಲೇ ನಾಲ್ಕು ಓಟು ಇರೋದು ನನಗೆ ಒಪ್ಪಿಗೆಯಾಗದ ಸಂಗತಿ.

2008ರ ಡಿಸೆಂಬರಿನಲ್ಲಿ ವಿಚಾರಣೆಗೆ ಮುಂಚೆಯೇ ರಾಜಿ ಆಯ್ತು. ತಪ್ಪು ಮಾಡಿದ್ದೀವಿ ಅಂತ ಪ್ರಿನ್ಸ್‌ಟನ್ ಒಪ್ಪಲಿಲ್ಲ. ಆದರೆ ಕುಟುಂಬದ ಕಡೆಯ ವಕೀಲರ ಖರ್ಚಿಗೆ 4 ಕೋಟಿ ಡಾಲರ್, ಮೂಲ ಉದ್ದೇಶಕ್ಕೇ ದುಡಿಯುವ ಹೊಸ ಪ್ರತಿಷ್ಠಾನವೊಂದಕ್ಕೆ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಉಳಿದದ್ದು ಪೂರ್ತಿ ಅದರ ಕೈಗೆ. ಒಂದು ಕಡೆಯ ವಕೀಲರ ಬಿಲ್ಲೇ ದಂಪತಿ ಕೊಟ್ಟ ಮೂಲ ದೇಣಿಗೆಗಿಂತ ದೊಡ್ಡದು, ನೋಡಿ.

ರಾಬರ್ಟ್‌ಸನ್ ಮಕ್ಕಳಿಗೆ ಮೂರು ಓಟಾದರೂ ಇತ್ತು, ಕೋರ್ಟಿಗೆ ಹೋಗುವಷ್ಟು ದುಡ್ಡೂ ಇತ್ತು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಐದು ಸಾವಿರ ಕಳಿಸುವ ನಮಗೆ ಎರಡೂ ಇಲ್ಲ. ವರ್ಷದ ಕೊನೆಗೆ ಬರುವ ಪಿಡಿಎಫಿನಲ್ಲಿ ನಿಧಿ ಎಷ್ಟು ಬೆಳೀತು ಅನ್ನೋ ಬಣ್ಣದ ಗ್ರಾಫ್ ಇರುತ್ತೆ. ಅದನ್ನು ದಾಟಿ ಖರ್ಚಿನ ಪುಟಕ್ಕೆ ಬನ್ನಿ. ‘ವಿದ್ಯಾರ್ಥಿವೇತನ ಮತ್ತು ಇತರೆ’ ಅಂತ ಒಂದೇ ಸಾಲಿದ್ದರೆ, ವಿದ್ಯಾರ್ಥಿವೇತನ ಎಷ್ಟು, ಇತರೆ ಎಷ್ಟು ಅಂತ ಗ್ರೂಪಿನಲ್ಲೇ ಕೇಳಿ.