ಸಂಗ್ಯಾ-ಬಾಳ್ಯಾ ಆಟವೂ ಬೈಲಹೊಂಗಲದ ಪೇಟೆಯ ಚರಿತ್ರೆಯೂ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಕೋಟೆಯ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದಾರೆ. ಕಿತ್ತೂರೆಂದರೆ 1824ನೆಯ ಅಕ್ಟೋಬರ 23ರಂದು ಥ್ಯಾಕರೆಯು ಬಿದ್ದ ರಣರಂಗ. ಸವದತ್ತಿಯೆಂದರೆ ರಟ್ಟರ ಸುಗಂಧವರ್ತಿ ಮತ್ತು ಎಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ 1948ರಲ್ಲಿ ವಿಲೀನಗೊಂಡ ಭಾವೆ ಮನೆತನದ ಸಂಸ್ಥಾನ. ಬೈಲಹೊಂಗಲಕ್ಕಾದರೋ, ರಾಣಿ ಚೆನ್ನಮ್ಮನು ಸೆರೆಯಲ್ಲಿದ್ದು 1829ರಲ್ಲಿ ಕಾಲವಾದ ಸ್ಥಳವೆಂಬ ಕಾರಣದಿಂದಲೇ ಇತಿಹಾಸದಲ್ಲಿ ಪ್ರವೇಶವು ದೊರೆತಿದೆ. ರಾಜರ ವೃತ್ತಾಂತವು ಬೇಡವೆಂದು ಹೇಳುವವರು ಯಾರೂ ಇಲ್ಲ. ಆದರೆ ಕೋಟೆಯ ಹೊರಗೆ ಅರಳೆಯನ್ನು ತೂಗಿದ, ಮಗ್ಗವನ್ನು ಹೂಡಿದ, ಸಾಲಕೊಟ್ಟ, ಸಾಲಪಟ್ಟ ಓಣಿಗಳಿಗೂ ಒಂದು ಚರಿತ್ರೆಯುಂಟು. ಅದು ಎಲ್ಲಿ ದೊರೆಯುವುದೆಂಬುದೇ ಪ್ರಕೃತ ವಿಚಾರ.

ಈ ಪ್ರಶ್ನೆಗೆ ಮೊದಲು ನೆನಪಾಗುವ ಗ್ರಂಥವು 1884ರಲ್ಲಿ ಮುಂಬಯಿ ಸರಕಾರವು ಪ್ರಕಟಿಸಿದ ಬೆಳಗಾವಿಯ ಗೆಜೆಟಿಯರು. ಅದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ಅದರ ರಚನೆಯಲ್ಲಿಯೇ ಒಂದು ನ್ಯೂನತೆಯಿದೆ. ಜನರ ವರ್ಣನೆಯು ಒಂದು ಪ್ರಕರಣದಲ್ಲಿ, ಜಾತಿಜಾತಿಯಾಗಿ. ಊರುಗಳ ವರ್ಣನೆಯು ಕೊನೆಯ ಪ್ರಕರಣದಲ್ಲಿ, ಅಕ್ಷರಾನುಕ್ರಮವಾಗಿ. ವ್ಯಾಪಾರವು ಮತ್ತೊಂದು ಕಡೆಯಲ್ಲಿ. ಹೀಗೆ ನೇಕಾರನು ಒಂದು ಪುಟದಲ್ಲಿಯೂ ಅವನು ವಾಸಿಸುವ ಊರು ಇನ್ನೊಂದರಲ್ಲಿಯೂ ಉಳಿದು, ಒಬ್ಬನ ಮನೆಯ ಬಾಗಿಲು ಇನ್ನೊಬ್ಬನ ಅಂಗಡಿಗೆ ಎದುರಾಗಿತ್ತೆಂಬ ಸಂಬಂಧವು ಎರಡು ಪ್ರಕರಣಗಳ ನಡುವೆ ಬಿದ್ದುಹೋಗಿದೆ. ನೆರೆಹೊರೆಯೆಂಬುದು ಸಂಬಂಧರೂಪವಾದ ವಸ್ತು. ಬಿಡಿಬಿಡಿಯಾಗಿ ಎಣಿಸುವವರಿಗೆ ಅದು ಸಿಕ್ಕಲಾರದು.

ಆ ಸಂಬಂಧವು ಉಳಿದುಬಂದಿರುವುದು ಪಂಡಿತರು ಬಹುಕಾಲ ಕಣ್ಣೆತ್ತಿ ನೋಡದ ಒಂದು ಕೃತಿಯಲ್ಲಿ. ಬೈಲಹೊಂಗಲದಲ್ಲಿ 19ನೆಯ ಶತಮಾನದಲ್ಲಿ ನಡೆದ ಕೊಲೆಯೊಂದನ್ನು ಕುರಿತ ಸಂಗ್ಯಾ-ಬಾಳ್ಯಾ ಎಂಬ ಸಣ್ಣಾಟವೇ ಅದು. ಈ ಕಥೆಯ ಲಾವಣಿಯನ್ನು ಫ್ಲೀಟರು 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ಲಾವಣಿಗಳೊಡನೆ ಇಂಡಿಯನ್ ಆಂಟಿಕ್ವೆರಿಯಲ್ಲಿ ಅಚ್ಚುಹಾಕಿಸಿದರು. ಆಟದ ರೂಪವು ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನೊಡನೆ ಪ್ರಸಿದ್ಧವಾಗಿದೆ. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ವಿದ್ವಾಂಸರ ಕೈಗಿತ್ತರು. ಕಥೆಯು ಸರ್ವವಿದಿತ. ಸಿರಿವಂತ ತರುಣನಾದ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ವ್ಯಾಪಾರಕ್ಕೆಂದು ಪರಊರಿಗೆ ಹೋದ ಗೃಹಸ್ಥ, ಅವನ ಹೆಂಡತಿ ಗಂಗಾ, ಅವರ ನಡುವೆ ಸುಳಿಯುವ ಮುದುಕಿ ಪಾರಮ್ಮ. ಕೊನೆಗೆ ಮಿತ್ರದ್ರೋಹ ಮತ್ತು ಕೊಲೆ.

ಇದಕ್ಕೆ ಪೂರ್ವಪಕ್ಷವು ಎರಡು ಬಗೆಯದು. ಈ ಆಟವು ಗ್ರಾಮ್ಯ, ಕಾವ್ಯಗೋಷ್ಠಿಗೆ ತಕ್ಕುದಲ್ಲವೆಂಬುದು ಒಂದು. ಆಟವೆಂದ ಮೇಲೆ ಕಲ್ಪನೆಯೇ ಹೆಚ್ಚು, ಆದುದರಿಂದ ಚರಿತ್ರೆಗೆ ಪ್ರಮಾಣವಲ್ಲವೆಂಬುದು ಇನ್ನೊಂದು.

ಮೊದಲನೆಯ ಆಕ್ಷೇಪಕ್ಕೆ ಶಾಸ್ತ್ರವೇ ಉತ್ತರಕೊಡುತ್ತದೆ. ದಶರೂಪಕಗಳಲ್ಲಿ ನಾಟಕವು ರಾಜರ್ಷಿಗಳಿಗೆ ಮೀಸಲಾದರೆ, ಪ್ರಕರಣವು ವಿಪ್ರ, ಅಮಾತ್ಯ, ವಣಿಜರಿಗೆ ಸಲ್ಲುವುದು. ರಾಜಸಂಭೋಗದ ವರ್ಣನೆಯು ಅಲ್ಲಿ ಕೂಡದೆಂದು ಭರತನೇ ವಿಧಿಸಿದ್ದಾನೆ. ಮೃಚ್ಛಕಟಿಕದ ಚಾರುದತ್ತನು ವಾಸಿಸುವುದು ಅರಮನೆಯಲ್ಲಲ್ಲ, ಉಜ್ಜಯಿನಿಯ ಶ್ರೇಷ್ಠಿಚತ್ವರದಲ್ಲಿ. ಜೂಜುಕೋರರು, ಕಳ್ಳನು, ನಗರರಕ್ಷಕರು, ನ್ಯಾಯಸಭೆ ಇವೆಲ್ಲವುಗಳಿಂದ ಆ ನಗರವು ನಮಗೆ ಪರಿಚಿತವಾದಂತೆ ಯಾವ ರಾಜವಂಶಾವಳಿಯಿಂದಲೂ ಆಗಿಲ್ಲ. ಶೂದ್ರಕನ ಕೃತಿಯನ್ನು ಪಾಠಹೇಳುವವನು ಸಂಗ್ಯಾ-ಬಾಳ್ಯಾವನ್ನು ವಸ್ತುವಿನ ಕಾರಣದಿಂದ ತಳ್ಳಲಾರನು. ಭೇದಗಳಿಲ್ಲದೆ ಇಲ್ಲ: ಪ್ರಕರಣದ ಕಥೆಯು ಉತ್ಪಾದ್ಯ, ಇಲ್ಲಿಯದು ನಡೆದ ಸಂಗತಿ, ಪ್ರಕರಣವು ಸುಖಾಂತ, ಇಲ್ಲಿ ನಾಯಕವಧೆ. ಆದರೆ ನಾಯಕಮರಣವು ಭಾಸನದೆಂದು ಹೇಳಲಾಗುವ ಊರುಭಂಗದಲ್ಲಿಯೂ ರಂಗದ ಮೇಲೆಯೇ ಬಂದಿರುವಾಗ, ಅದೊಂದೇ ಕಾರಣದಿಂದ ಕೃತಿಯು ತ್ಯಾಜ್ಯವಾಗದು.

ಎರಡನೆಯ ಆಕ್ಷೇಪಕ್ಕೆ ಪ್ರಮಾಣವಿವೇಕವೇ ಸಮಾಧಾನ. ಯಾರು ಯಾರನ್ನು ಯಾವ ಇರುಳು ಏನೆಂದು ಕರೆದರೆಂಬ ಅಂಶದಲ್ಲಿ ಆಟವು ಸಾಕ್ಷಿಯಲ್ಲ. ಆದರೆ ರೂಢಿಯಲ್ಲಿ ಅದು ಸಾಕ್ಷಿ. ಆಟವನ್ನು ನೋಡಿದವರು ಅದೇ ಸೀಮೆಯ ಪೇಟೆಯವರು, ಒಕ್ಕಲಿಗರು. ತಮ್ಮ ಓಣಿಯಲ್ಲಿ ಸಂಭವಿಸದ ನಡೆಯನ್ನು ಕಂಡಿದ್ದರೆ ಅವರು ಅಲ್ಲಿಯೇ ನಗುತ್ತಿದ್ದರು. ಅವರು ಒಪ್ಪಿದ್ದರಿಂದ ಕೆಲವು ಸಂಗತಿಗಳು ಸಿದ್ಧವಾಗುತ್ತವೆ. ವ್ಯಾಪಾರಿಯು ಮನೆಬಿಟ್ಟು ದೂರಹೋಗುವುದು ಪೇಟೆಯ ಜೀವನಕ್ರಮವಾಗಿತ್ತು. ಆ ಅವಧಿಯಲ್ಲಿ ಅವನ ಮನೆಯ ಮಾನವು ನೆರೆಯವರ ನಂಬುಗೆಯ ಮೇಲೆ ನಿಂತಿತ್ತು. ಎಲ್ಲ ಮನೆಗಳ ಹಿತ್ತಿಲಬಾಗಿಲೂ ತೆರೆದಿರುವ ಮುದುಕಿಯೊಬ್ಬಳು ಓಣಿಗೆ ಬೇಕಾದವಳೂ ಹೌದು, ಭಯದವಳೂ ಹೌದು. ಹಣವುಳ್ಳವನ ಮತ್ತು ಇಲ್ಲದವನ ಗೆಳೆತನದಲ್ಲಿ ಋಣವು ಸದಾ ಸುಪ್ತವಾಗಿರುತ್ತಿತ್ತು. ಇಂಗ್ಲಿಷರ ಕಚೇರಿಗಳು ಬಂದ ಮೇಲೆಯೂ ಮಾನದ ನಿರ್ಣಯವು ಮನೆತನದೊಳಗೇ ಆಗುತ್ತಿತ್ತು. ಇವು ಗೆಜೆಟಿಯರಿನ ಯಾವ ಕೋಷ್ಟಕದಲ್ಲಿಯೂ ಇಲ್ಲ.

ಈ ಕ್ರಮವು ಅನ್ಯದೇಶಗಳಿಗೂ ಹೊಸದಲ್ಲ. 1861ರಿಂದ 1865ರ ವರೆಗೆ ಅಮೇರಿಕದ ಅಂತರ್ಯುದ್ಧದಿಂದ ಅರಳೆಯು ದುರ್ಲಭವಾದಾಗ ಈ ಸೀಮೆಯ ಹತ್ತಿಗೂ ಕೈಚಾಚಿದ ಮ್ಯಾಂಚೆಸ್ಟರ ನಗರದ ಕೂಲಿಕೇರಿಗಳನ್ನು ಅರಿಯಲು ವಿದ್ವಾಂಸರು ಸರಕಾರಿ ವರದಿಗಳ ಜೊತೆಗೆ ಶ್ರೀಮತಿ ಗ್ಯಾಸ್ಕೆಲ್ಲಳ 1848ರ ಮೇರಿ ಬಾರ್ಟನ್ ಕಾದಂಬರಿಯನ್ನೂ ಓದುತ್ತಾರೆ. ಅಲ್ಲಿಯೂ ಕಥೆಯ ನಡುವೆ ಇರುವುದು ಒಂದು ಕೊಲೆಯೇ.

ಇಷ್ಟಾದರೂ ಆಟದ ದೋಷಗಳನ್ನು ಮುಚ್ಚಬೇಕಾಗಿಲ್ಲ. ಅದು ಪೇಟೆಯನ್ನು ಉಳ್ಳವರ ಜಗಲಿಯಿಂದ ನೋಡುತ್ತದೆ. ಕೂಲಿಯವರೂ ನೇಕಾರರೂ ಅದರ ದೃಷ್ಟಿಗೆ ಬೀಳುವುದಿಲ್ಲ. ರಾಮದುರ್ಗದ ಮಗ್ಗದ ಓಣಿಯ ಚರಿತ್ರೆಯನ್ನು ಇದರಿಂದ ಊಹಿಸಹೊರಟರೆ ಅತಿವ್ಯಾಪ್ತಿಯಾದೀತು. ಪಾರಮ್ಮನನ್ನು ದೂತಿಯೆಂಬ ಹಳೆಯ ಅಚ್ಚಿನಲ್ಲಿ ಎರೆದದ್ದರಿಂದ ಅವಳ ಬಡತನವು ಮರೆಯಾಗಿದೆ. ಪರಸ್ತ್ರೀವ್ಯಸನದ ನಿಂದೆಯಾದರೋ ಅರ್ಥವಾದಮಾತ್ರ; ಅದನ್ನು ಹಿಡಿದು ಗಂಗೆಯ ಮೇಲೆ ತೀರ್ಪುಕೊಡುವುದು ವಿಮರ್ಶಕನ ಕಾರ್ಯವಲ್ಲ.

ಆದುದರಿಂದ ಮಾಡತಕ್ಕುದು ಇಷ್ಟು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳ ಮೇಳದವರ ಬಾಯಲ್ಲಿರುವ ಪಾಠಾಂತರಗಳನ್ನು, ಒಂದನ್ನು ಶುದ್ಧವೆಂದು ಮಿಕ್ಕವನ್ನು ಅಪಪಾಠಗಳೆಂದು ಅಳಿಸದೆ, ಊರೂರಿನ ಹೆಸರಿನಿಂದ ಬರೆದಿಡಬೇಕು. ಎಲ್ಲಿ ಬಾಳ್ಯಾನ ದ್ರೋಹವು ಹಿರಿದಾಗುತ್ತದೆ, ಎಲ್ಲಿ ಗಂಗೆಗೆ ಮಾತು ಹೆಚ್ಚುತ್ತದೆ ಎಂಬ ಭೇದವೇ ಆಯಾ ಊರಿನ ಮನೋಧರ್ಮಕ್ಕೆ ಸಾಕ್ಷಿಯಾದೀತು. ಅನಂತರ ಅವನ್ನು ಅಂಗಡಿಕಾರರ ಲೆಕ್ಕದ ಪುಸ್ತಕಗಳೊಡನೆಯೂ ಮನೆಪತ್ರಗಳೊಡನೆಯೂ ಹೊಂದಿಸಿ ನೋಡಬೇಕು. ಕೋಟೆಯ ಕಲ್ಲು ಇನ್ನೂ ಕೆಲಕಾಲ ಕಾಯಬಲ್ಲದು. ಹಾಡುವವನ ಬಾಯಲ್ಲಿರುವ ಪಾಠವು ಅವನೊಡನೆಯೇ ಹೋಗುವುದು.